ಅಕ್ಷರಗುಂಡು ಮತ್ತು ಫ್ರಿಡ್ಜ್ ಮೇಲಿನ ಚಿತ್ರಗಳು

ಕಳೆದ ಸಲ ವರ್ಕ್ ಫ್ರಂ ಹೋಮ್ ಬಗ್ಗೆ ಬರೆದಿದ್ದೆ. "ಮನೇಲಿ ಚಿಕ್ಕ ಮಗು ಇಟ್ಕೊಂಡು ಮೀಟಿಂಗ್ ಹೇಗೆ ಮಾಡ್ತೀರಿ?" ಅಂತ ನಿಮ್ಮಲ್ಲಿ ಕೆಲವರು ಕೇಳಿದ್ದಿರಿ. ಅದಕ್ಕೆ ಉತ್ತರ ಬರೆಯೋಣ ಅಂತಲೇ ಕೂತೆ. ಆದರೆ ಉತ್ತರದ ಜೊತೆಗೆ, ಇಷ್ಟು ದಿನ ಈ ಅಂಕಣದಲ್ಲಿ ಹೇಳದೇ ಮುಚ್ಚಿಟ್ಟುಕೊಂಡಿದ್ದ ಒಂದು ವಿಷಯವೂ ಹೊರಗೆ ಬರ್ತಿದೆ. ಬರಲಿ.

ಒಂದು ಶುಕ್ರವಾರ ರಾತ್ರಿ. ರಿಲೀಸ್ ಇತ್ತು. ಹೆಡ್‌ಫೋನ್ ಹಾಕಿಕೊಂಡು ಕಾಲ್‌ನಲ್ಲಿದ್ದೆ. ನನ್ನ ಮಗ ಬಂದು ಮೊಣಕೈ ಜಗ್ಗಿದ. ಮನೆಯಲ್ಲಿ ಅವನನ್ನು ಚಿನ್ನು ಅಂತೀವಿ, ಈಗ ನಾಲ್ಕು ವರ್ಷ. ಅವನ ಕೈಯಲ್ಲಿ ಗೇಣುದ್ದದ ಒಂದು ಪ್ಲಾಸ್ಟಿಕ್ ಪಟ್ಟಿ. ಅದರ ಮೇಲೆ ಎರಡು ಚಿತ್ರ ಅಂಟಿಸಿಕೊಂಡು ಬಂದಿದ್ದ. ಮೊದಲನೆಯದು ಊರಲ್ಲಿರುವ ನನ್ನ ಅವ್ವನ ಫೋಟೊ. ಎರಡನೆಯದು ಚಾಚಿದ ಎರಡು ಕೈಗಳ ಚಿತ್ರ, ಕೆಳಗೆ ದಪ್ಪಕ್ಷರದಲ್ಲಿ "ಬೇಕು".

ಅಜ್ಜಿ ಬೇಕು.

ಯಾರೂ ಹೇಳಿಕೊಟ್ಟಿರಲಿಲ್ಲ, ಯಾರೂ ಕೇಳಿರಲಿಲ್ಲ. ಅಲ್ಲಿಯವರೆಗೆ ಅವನು ಆ ಪಟ್ಟಿಯಲ್ಲಿ ಕೇಳುತ್ತಿದ್ದದ್ದು ಬಿಸ್ಕೆಟ್, ನೀರು, ಬಾಲ್, ಮೊಬೈಲ್. ಒಬ್ಬ ಮನುಷ್ಯರು ಬೇಕು ಅಂತ, ಅದೂ ಕಣ್ಣ ಮುಂದೆ ಇಲ್ಲದವರು ಬೇಕು ಅಂತ ಹೇಳಿದ್ದು ಅದೇ ಮೊದಲು. ಕಾಲ್‌ನಲ್ಲಿ ಯಾರೋ ನನ್ನ ಹೆಸರು ಕರೆಯುತ್ತಿದ್ದರು. ಮ್ಯೂಟ್ ಮಾಡಿ ಹೆಂಡತಿಯನ್ನು ಕೂಗಿದೆ. ಅವಳು ಪಟ್ಟಿ ನೋಡಿದಳು, ನನ್ನ ಮುಖ ನೋಡಿದಳು. "ರೀ, ಬೆಳಿಗ್ಗೆ ಹೊರಟುಬಿಡೋಣ" ಅಂದಳು.

ನಮ್ಮೂರು ಮೊಳಕಾಲ್ಮೂರು ತಾಲ್ಲೂಕಿನ ಅಶೋಕ ಸಿದ್ದಾಪುರದ ಪಕ್ಕ. ಬ್ರಹ್ಮಗಿರಿ ಬೆಟ್ಟ ನಮ್ಮ ಹಿತ್ತಲಿಗೆ ಕಾಣುತ್ತೆ. ಆ ಊರಿನ ಕಥೆಗೆ ಆಮೇಲೆ ಬರ್ತೀನಿ.

"ಗಂಡು ಹುಡುಗ್ರು ಲೇಟು ಬಿಡಪ್ಪ"

ಎರಡು ವರ್ಷ ತುಂಬಿದರೂ ಚಿನ್ನು ಮಾತಾಡಲಿಲ್ಲ. ನಗುತ್ತಿದ್ದ, ಓಡುತ್ತಿದ್ದ, ಚಕ್ರ ಇರುವ ಎಲ್ಲವನ್ನೂ ತಲೆಕೆಳಗು ಮಾಡಿ ತಿರುಗಿಸುತ್ತಿದ್ದ. ಅಪ್ಪ, ಅಮ್ಮ ಇಲ್ಲ. ಬೇಕಾದ್ದಕ್ಕೆ ನಮ್ಮ ಕೈ ಹಿಡಿದು ಎಳೆದುಕೊಂಡು ಹೋಗಿ ಆ ವಸ್ತುವಿನ ಮುಂದೆ ನಿಲ್ಲಿಸುತ್ತಿದ್ದ. ಅರ್ಥ ಆಗದಿದ್ದರೆ ನೆಲಕ್ಕೆ ತಲೆ ಚಚ್ಚಿಕೊಳ್ಳುತ್ತಿದ್ದ.

ಸಲಹೆಗಳಿಗೇನು ಕಡಿಮೆ? "ಗಂಡು ಹುಡುಗ್ರು ಮಾತು ಲೇಟು ಬಿಡಪ್ಪ, ನೀನೂ ಮೂರು ವರ್ಷಕ್ಕೆ ಮಾತಾಡಿದ್ದು" ಅಂದರು ದೊಡ್ಡಪ್ಪ. ನಾಲಿಗೆಗೆ ಬಜೆ ಬೇರು ತೇಯ್ದು ಹಚ್ಚಿ ಅಂದರು ಒಬ್ಬರು. ಒಂದೆಲಗದ ರಸ ಕುಡಿಸಿ ಅಂದರು ಇನ್ನೊಬ್ಬರು. ನಾವು ತೋರಿಸಿದ ಮೊದಲ ಡಾಕ್ಟರೂ "ಮೂರು ವರ್ಷದವರೆಗೆ ಕಾಯಿರಿ" ಅಂದುಬಿಟ್ಟರು. ಕಾದೆವು. ಕೆಲಸ ಮಾಡುವವರಿಗೆ ಕಾಯಿರಿ ಅನ್ನೋದಕ್ಕಿಂತ ಅನುಕೂಲದ ಸಲಹೆ ಇನ್ನೊಂದಿಲ್ಲ. ಯಾವ ರಜೆಯೂ ಹಾಕಬೇಕಿಲ್ಲ.

ಆ ಕಾಯುವಿಕೆಯನ್ನು ಮುರಿದದ್ದು ಒಂದು ರಾತ್ರಿ. ಹನ್ನೊಂದಕ್ಕೆ ಅಳಲು ಶುರು ಮಾಡಿದವನು ಬೆಳಗಿನ ಜಾವದವರೆಗೆ ನಿಲ್ಲಿಸಲಿಲ್ಲ. ಹಾಲು ಕೊಟ್ಟರೆ ತಳ್ಳಿದ. ಹೊಟ್ಟೆ ನೋವು ಅಂತ ಓಂಕಾಳು ನೀರು ಕುಡಿಸಿದೆವು. ಹಲ್ಲಿರಬಹುದು ಅಂದುಕೊಂಡೆವು. ಹಠ ಅಂದುಕೊಂಡು ನಾನು ಒಮ್ಮೆ ಗದರಿದೆ. ಬೆಳಿಗ್ಗೆ ದಿಂಬಿನ ಮೇಲೆ ಹಳದಿ ಕಲೆ. ಕಿವಿ ಸೋರಿತ್ತು. ರಾತ್ರಿಯಿಡೀ ಕಿವಿ ನೋವು ಅನುಭವಿಸಿದ ಮಗುವಿಗೆ ನಾನು ಗದರಿದ್ದೆ. ಅವನ ಹತ್ತಿರ "ಕಿವಿ" ಅನ್ನುವ ಒಂದು ಪದ ಇರಲಿಲ್ಲ, ಅಷ್ಟೇ.

ಮಾತು ಬಾರದ ಮಗು ಅಂದರೆ ಹೇಳಲು ಏನೂ ಇಲ್ಲದ ಮಗು ಅಂತ ನನಗೇ ಗೊತ್ತಿಲ್ಲದೆ ನಾನು ನಂಬಿದ್ದೆ. ಆ ದಿಂಬು ನೋಡಿದ ಮೇಲೆ ಆ ನಂಬಿಕೆ ಹೋಯಿತು.

ಮುಂದಿನ ವಾರವೇ ಶ್ರವಣ ಪರೀಕ್ಷೆ ಆಯಿತು. ಮಾತು ತಡವಾದ ಯಾವ ಮಗುವಿಗೂ ಮೊದಲು ಮಾಡಿಸಬೇಕಾದ್ದು ಅದೇ. ಚಪ್ಪಾಳೆ ತಟ್ಟಿದರೆ ತಿರುಗುತ್ತೆ, ಆದ್ದರಿಂದ ಕಿವಿ ಸರಿ ಇದೆ ಅನ್ನೋದು ಪರೀಕ್ಷೆ ಅಲ್ಲ. ಸ್ವಲ್ಪ ಕೇಳಿಸಿ ಸ್ವಲ್ಪ ಕೇಳಿಸದ ಮಕ್ಕಳೂ ಇರುತ್ತಾರೆ. ಚಿನ್ನುವಿನ ಕಿವಿ ವಾಸಿಯಾದ ಮೇಲೆ ಕೇಳುವಿಕೆ ಸರಿಯಾಗಿಯೇ ಇತ್ತು. ಆಮೇಲೆ ವಾಕ್ ಚಿಕಿತ್ಸಕರು, ಬೆಳವಣಿಗೆಯ ಪರೀಕ್ಷೆಗಳು. ಆಟಿಸಂ ಅಂದರು. ಆ ಪದವನ್ನು ಕಾರಿನಲ್ಲಿ ಕೂತು ಹೆಂಡತಿ, ನಾನು ಎಷ್ಟೋ ಹೊತ್ತು ಒಬ್ಬರಿಗೊಬ್ಬರು ಹೇಳಿಕೊಳ್ಳಲೇ ಇಲ್ಲ.

ಚಿತ್ರ ಕೊಟ್ಟರೆ ಮಾತು ನಿಂತುಹೋಗಲ್ವಾ?

ಚಿಕಿತ್ಸಕರು ಚಿತ್ರಗಳಿಂದ ಶುರು ಮಾಡೋಣ ಅಂದಾಗ ನನಗೆ ಬಂದ ಮೊದಲ ಪ್ರಶ್ನೆ ಇದೇ. ಬಂದ ಪ್ರತಿ ನೆಂಟರೂ ಇದನ್ನೇ ಕೇಳಿದರು. ಚಿತ್ರ ತೋರಿಸಿದರೆ ಸಾಕು ಅಂತಾದರೆ ಅವನು ಬಾಯಿ ಯಾಕೆ ತೆಗೀತಾನೆ?

ಎಂಜಿನಿಯರ್ ಬುದ್ಧಿ, ಹೋಗಿ ಓದಿದೆ. 2006ರಲ್ಲಿ ಮಿಲ್ಲರ್, ಲೈಟ್, ಶ್ಲಾಸರ್ ಅನ್ನುವ ಮೂವರು ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಗುಡ್ಡೆ ಹಾಕಿ ಇದೇ ಪ್ರಶ್ನೆ ಕೇಳಿದ್ದರು. ಗಟ್ಟಿ ಪುರಾವೆ ಇದ್ದ 27 ಜನರ ಲೆಕ್ಕದಲ್ಲಿ ಶೇ 89ರಷ್ಟು ಮಂದಿಯ ಮಾತು ಹೆಚ್ಚಾಗಿತ್ತು. ಉಳಿದವರಲ್ಲಿ ಬದಲಾವಣೆ ಇರಲಿಲ್ಲ. ಮಾತು ಕಡಿಮೆಯಾದವರು ಒಬ್ಬರೂ ಇರಲಿಲ್ಲ. ಹೆಚ್ಚಾದದ್ದು ಬಹಳ ಜನರಲ್ಲಿ ಸ್ವಲ್ಪವೇ, ಪವಾಡವೇನಲ್ಲ ಅನ್ನೋದನ್ನೂ ಅವರೇ ಬರೆದಿದ್ದಾರೆ. ಆದರೆ ಚಿತ್ರ ಮಾತನ್ನು ಕೊಲ್ಲುತ್ತೆ ಅನ್ನುವ ಭಯಕ್ಕೆ ಅಲ್ಲಿ ಆಧಾರ ಸಿಗಲಿಲ್ಲ.

ಯೋಚಿಸಿದರೆ ಇದು ಸಹಜವೇ. ಬಾಯಿಮಾತಿನಲ್ಲಿ ಹೇಳುವುದು ಎಲ್ಲಕ್ಕಿಂತ ಬೇಗ ಮುಗಿಯುವ ಕೆಲಸ. ಸಾಧ್ಯವಿದ್ದ ದಿನ ಮಗು ಚಿತ್ರ ಹುಡುಕುತ್ತಾ ಕೂರಲ್ಲ. ಅಂಬೆಗಾಲಿಡುವ ಮಗು ನಡೆಯೋದು ಕಲಿಯದೇ ಹೋದೀತು ಅಂತ ಯಾರೂ ಅಂಬೆಗಾಲನ್ನು ತಡೆಯಲ್ಲ ಅಲ್ವಾ?

ಇನ್ನೊಂದು ಮಾತು. ಓದು ಬಾರದವರಿಗೆ ಚಿತ್ರ ಕೊಡುವುದನ್ನು ನಮ್ಮ ದೇಶ ಸ್ವತಂತ್ರವಾದ ಹೊಸದರಲ್ಲೇ ಮಾಡಿತ್ತು. 1951-52ರ ಮೊದಲ ಮಹಾ ಚುನಾವಣೆಯಲ್ಲಿ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಡಬ್ಬ, ಡಬ್ಬದ ಮೇಲೆ ಒಂದು ಗುರುತು. ಕೋಟಿಗಟ್ಟಲೆ ಜನ ಓದಲು ಬಾರದಿದ್ದರೂ ತಮಗೆ ಯಾರು ಬೇಕು ಅಂತ ಹೇಳಿದರು. ಮೊದಲು ಅಕ್ಷರ ಕಲಿತು ಬನ್ನಿ, ಆಮೇಲೆ ಓಟು ಅಂತ ಯಾರೂ ಅನ್ನಲಿಲ್ಲ. ಮಗುವಿಗೆ ಮಾತ್ರ ನಾವು ಯಾಕೆ "ಮೊದಲು ಬಾಯಿಬಿಟ್ಟು ಹೇಳು, ಆಮೇಲೆ ಬಿಸ್ಕೆಟ್" ಅಂತೀವಿ?

ಈ ಚಿತ್ರಗಳು ಎಲ್ಲಿಂದ ಬಂದವು?

ಮಾತಿಗೆ ಬೆಂಬಲವಾಗಿ, ಇಲ್ಲವೇ ಮಾತಿನ ಬದಲಿಗೆ ಬಳಸುವ ಇಂಥ ವಿಧಾನಗಳನ್ನೆಲ್ಲ ಸೇರಿಸಿ ಎಎಸಿ ಅಂತಾರೆ. ಸನ್ನೆ, ಚಿತ್ರ, ಬೋರ್ಡು, ಆ್ಯಪ್ ಎಲ್ಲ ಅದರೊಳಗೇ.

ಇದರಲ್ಲಿ ನನಗೆ ತುಂಬಾ ಹಿಡಿಸಿದ್ದು ಚಾರ್ಲ್ಸ್ ಬ್ಲಿಸ್ ಕಥೆ. ವಿಯೆನ್ನಾದಲ್ಲಿ ಓದಿದ ಕೆಮಿಕಲ್ ಎಂಜಿನಿಯರ್. ನಾಜಿಗಳ ಸೆರೆಶಿಬಿರಗಳಿಂದ ಪಾರಾಗಿ ಶಾಂಘೈ ಸೇರಿದ. ಅಲ್ಲಿ ಚೀನೀ ಲಿಪಿ ನೋಡಿ, ಜಗತ್ತಿನ ಎಲ್ಲ ಭಾಷೆಯವರೂ ಓದಬಹುದಾದ ಒಂದು ಚಿಹ್ನೆಗಳ ಲಿಪಿ ಮಾಡಬೇಕು ಅಂತ ಹೊರಟ. ಆಸ್ಟ್ರೇಲಿಯಾಕ್ಕೆ ಹೋಗಿ 1949ರಲ್ಲಿ ಅದನ್ನು ಪುಸ್ತಕ ಮಾಡಿದ. ದೇಶ ದೇಶಗಳ ಜಗಳ ತಪ್ಪಿಸೋದು ಅವನ ಕನಸು. ದೇಶಗಳು ಅತ್ತ ತಿರುಗಿಯೂ ನೋಡಲಿಲ್ಲ. 1971ರಲ್ಲಿ ಕೆನಡಾದ ಟೊರಾಂಟೊದಲ್ಲಿ ಶರ್ಲಿ ಮೆಕ್‌ನಾಟನ್ ಅನ್ನುವ ಶಿಕ್ಷಕಿ ಮತ್ತು ಸಂಗಡಿಗರು, ಸೆರೆಬ್ರಲ್ ಪಾಲ್ಸಿಯಿಂದ ಮಾತಾಡಲಾಗದ ಮಕ್ಕಳಿಗೆ ಆ ಚಿಹ್ನೆಗಳನ್ನು ಕೊಟ್ಟರು. ಮಕ್ಕಳು ಮಾತಾಡತೊಡಗಿದರು. ನಾವು ಯಾರಿಗೋ ಅಂತ ಬರೆದ ಕೋಡ್ ಇನ್ಯಾರಿಗೋ ಉಪಯೋಗಕ್ಕೆ ಬರುತ್ತಲ್ಲ, ಹಾಗೆ.

ಚಿನ್ನುಗೆ ನಾವು ಬಳಸಿದ್ದು ಪೆಕ್ಸ್ ಅನ್ನುವ ಪದ್ಧತಿ. 1985ರಲ್ಲಿ ಅಮೆರಿಕದ ಆಂಡಿ ಬಾಂಡಿ ಮತ್ತು ಲೋರಿ ಫ್ರಾಸ್ಟ್ ರೂಪಿಸಿದ್ದು. ಇದರ ಗುಟ್ಟು ಇಷ್ಟೇ: ಮಗು ಚಿತ್ರಕ್ಕೆ ಬೆರಳು ತೋರಿಸಿದರೆ ಸಾಲದು, ಚಿತ್ರವನ್ನು ತಂದು ಇನ್ನೊಬ್ಬರ ಕೈಗೆ ಕೊಡಬೇಕು. ಗೋಡೆಗೆ ಬೆರಳು ತೋರಿಸಿದರೆ ಗೋಡೆಯ ಜೊತೆ ಮಾತಾಡಿದ ಹಾಗೆ. ಕೈಗೆ ಕೊಟ್ಟರೆ ಮನುಷ್ಯರ ಜೊತೆ. ಒಟ್ಟು ಆರು ಹಂತ. ಒಂದು ಚಿತ್ರ ಕೊಡೋದು, ದೂರದಿಂದ ತಂದುಕೊಡೋದು, ಹಲವು ಚಿತ್ರಗಳಲ್ಲಿ ಸರಿಯಾದ್ದನ್ನು ಆರಿಸೋದು, ಪಟ್ಟಿಯ ಮೇಲೆ ವಾಕ್ಯ ಜೋಡಿಸೋದು, "ಏನು ಬೇಕು?" ಅಂದಾಗ ಉತ್ತರಿಸೋದು, ಕೊನೆಗೆ ಏನೂ ಬೇಡದೇ ಇದ್ದರೂ "ನಾಯಿ ಬಂತು" ಅಂತ ಸುಮ್ಮನೆ ಹೇಳೋದು.

ನಾನು ಮಾಡಿದ ಆ್ಯಪ್

ಮೊದಲ ಹಂತಕ್ಕೆ ಒಂದೇ ಒಂದು ಚಿತ್ರ ಸಾಕು ಅಂತ ಚಿಕಿತ್ಸಕರು ಹೇಳಿದ್ದರು. ನಾನು ಕೇಳಬೇಕಲ್ಲ? ಒಂದು ವೀಕೆಂಡ್ ಕೂತು ಆ್ಯಪ್ ಮಾಡಿದೆ. 120 ಐಕಾನ್, ಆರು ವಿಭಾಗ, ಒತ್ತಿದರೆ ಕನ್ನಡದಲ್ಲಿ ಹೆಂಡತಿಯ ದನಿ. ಟ್ಯಾಬ್ ಕೈಗೆ ಕೊಟ್ಟೆ. ಚಿನ್ನು ಎರಡು ನಿಮಿಷ ಐಕಾನ್ ಒತ್ತಿ ದನಿ ಕೇಳಿ ನಕ್ಕ. ಆಮೇಲೆ ಹೋಮ್ ಬಟನ್ ಒತ್ತಿ ಯೂಟ್ಯೂಬ್ ತೆಗೆದ. ನನ್ನ ಆ್ಯಪ್‌ನಲ್ಲಿ ಇಲ್ಲದ ಆ ಒಂದು ಐಕಾನ್ ಮಾತ್ರ ಅವನಿಗೆ ಬೇಕಾಗಿತ್ತು.

ನಾಚಿಕೆಯಿಂದ ವಾಪಸ್ ಹೋದೆ. ಚಿಕಿತ್ಸಕರು ಬೈಯಲಿಲ್ಲ. "ನಿಮ್ಮ ಮಗನಿಗೆ ಜಗತ್ತಿನಲ್ಲಿ ತುಂಬಾ ಇಷ್ಟ ಯಾವುದು?" ಅಂದರು. ಕಡ್ಲೆಕಾಯಿ ಚಿಕ್ಕಿ ಅಂದೆ. "ಅದರ ಫೋಟೊ ತೆಗೀರಿ. ನೆಟ್‌ನಿಂದ ಬೇಡ, ನಿಮ್ಮ ಮನೆಯ ಚಿಕ್ಕಿಯದೇ" ಅಂದರು.

ಮೊದಲ ಹಂತಕ್ಕೆ ಇಬ್ಬರು ದೊಡ್ಡವರು ಬೇಕು. ಮುಂದೆ ಕೂತವರ ಕೈಯಲ್ಲಿ ಚಿಕ್ಕಿ. ಹಿಂದೆ ಕೂತವರು, ಮಗು ಚಿಕ್ಕಿಗೆ ಕೈ ಚಾಚಿದ ಕೂಡಲೇ ಆ ಕೈಯನ್ನು ಮೆಲ್ಲಗೆ ಚಿತ್ರದ ಕಡೆ ತಿರುಗಿಸಿ, ಚಿತ್ರವನ್ನು ಎದುರಿನವರ ಅಂಗೈಯಲ್ಲಿ ಇಡಿಸಬೇಕು. ಇಟ್ಟ ತಕ್ಷಣ ಎದುರಿನವರು "ಚಿಕ್ಕಿ!" ಅಂತ ಹೇಳಿ ಚಿಕ್ಕಿ ಕೊಡಬೇಕು. ಮುಖ್ಯವಾದ ನಿಯಮ: ಚಿತ್ರ ಕೈಗೆ ಬರುವವರೆಗೆ ಇಬ್ಬರೂ ಬಾಯಿ ಬಿಡಬಾರದು. "ಏನು ಬೇಕು? ಹೇಳು, ಹೇಳು ಕಂದ" ಅನ್ನೋ ಹಾಗಿಲ್ಲ. ಕೇಳಿದರೆ ಮಾತ್ರ ಕೊಡೋದು ಅಂತ ಮಗು ಕಲಿತುಬಿಡುತ್ತೆ. ತಾನಾಗಿಯೇ ಶುರು ಮಾಡೋದನ್ನು ಕಲಿಯಲ್ಲ.

ಆಗ ಅವ್ವ ಬೆಂಗಳೂರಿಗೆ ಬಂದಿದ್ದಳು. ಮುಂದೆ ಅವ್ವ, ಹಿಂದೆ ನಾನು. ಸುಮ್ಮನಿರೋದು ನಮ್ಮವ್ವನಿಗೆ ಎಂಥ ಶಿಕ್ಷೆ ಅಂತ ನಿಮಗೆ ಹೇಳೋಕಾಗಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ಮೂರು ದಿನ ಕೈ ಹಿಡಿದು ಮಾಡಿಸಿದೆವು. ನಾಲ್ಕನೇ ದಿನ ನಾನು ಕೈ ಹಿಡಿಯುವ ಮೊದಲೇ ಚಿನ್ನು ಚಿತ್ರ ಎತ್ತಿ ಅಜ್ಜಿಯ ಅಂಗೈಯಲ್ಲಿಟ್ಟ. ಅವಳ ಕಣ್ಣನ್ನೇ ನೋಡಿದ. ಅವ್ವ "ಚಿಕ್ಕಿ!" ಅನ್ನೋದು ಮರೆತು ಅತ್ತುಬಿಟ್ಟಳು. ಚಿಕ್ಕಿ ತಡವಾಯಿತು ಅಂತ ಚಿನ್ನು ಕಿರುಚಿದ. ಅದೂ ಸರಿಯೇ.

ಬೇಕು, ಬೇಡ, ಸಾಕು

ಕೆಲವು ತಿಂಗಳ ನಂತರ ವಾಕ್ಯದ ಪಟ್ಟಿಗೆ ಬಂದೆವು. ಸಿಕ್ಕ ಮಾದರಿಗಳೆಲ್ಲ ಇಂಗ್ಲಿಷ್‌ನವು. ಪಟ್ಟಿಯ ಶುರುವಿನಲ್ಲೇ "ಐ ವಾಂಟ್" ಕಾರ್ಡ್, ಆಮೇಲೆ ವಸ್ತು. ಅದನ್ನೇ ಕನ್ನಡ ಮಾಡಿ "ನನಗೆ ಬೇಕು" ಅಂತ ಮೊದಲು ಇಟ್ಟೆವು. ಓದಿದರೆ "ನನಗೆ ಬೇಕು ನೀರು". ಮನೆಯಲ್ಲಿ ಯಾರು ಹಾಗೆ ಮಾತಾಡ್ತಾರೆ?

ಇದನ್ನು ಹಿಡಿದದ್ದು ಹೆಂಡತಿ. ಕಾರ್ಡ್ ತಿರುಗಿಸಿ ಇಟ್ಟಳು. ಮೊದಲು ವಸ್ತು, ಕೊನೆಯಲ್ಲಿ "ಬೇಕು". ನೀರು ಬೇಕು. ಇದರಿಂದ ಎರಡು ಲಾಭ. ಮಗು ತಾನು ಆಸೆಪಟ್ಟದ್ದನ್ನೇ ಮೊದಲು ಎತ್ತಿಕೊಳ್ಳುತ್ತೆ. ಆಮೇಲೆ ಕೊನೆಯ ಕಾರ್ಡ್ ಮಾತ್ರ ಬದಲಿಸಿದರೆ ಸಾಕು: ನೀರು ಬೇಕು, ನೀರು ಬೇಡ, ನೀರು ಸಾಕು. ನಮ್ಮ ಭಾಷೆ ಈ ಮೂರನ್ನೂ ಒಂದೊಂದೇ ಪದದಲ್ಲಿ ಕೊಟ್ಟಿದೆ. ಮಾತು ತಡವಾದ ಮಗುವಿಗೆ ಇದಕ್ಕಿಂತ ದೊಡ್ಡ ಉಡುಗೊರೆ ಇಲ್ಲ.

ಇವುಗಳಲ್ಲಿ "ಬೇಡ" ಬಹಳ ಮುಖ್ಯ. ನಾವೆಲ್ಲ ಮೊದಲು ಕಲಿಸೋದು ತಿಂಡಿಯ ಹೆಸರು. ಆದರೆ ಬೇಡ ಅನ್ನಲು ದಾರಿ ಇಲ್ಲದ ಮಗು ತಳ್ಳುತ್ತೆ, ಕಚ್ಚುತ್ತೆ, ತಲೆ ಚಚ್ಚಿಕೊಳ್ಳುತ್ತೆ. "ಬೇಡ" ಕಾರ್ಡ್ ಬಂದ ಮೇಲೆ ಚಿನ್ನು ತಲೆ ಚಚ್ಚಿಕೊಳ್ಳೋದು ಕಡಿಮೆಯಾಯಿತು. ಹಾಗಂತ ಅವನು ಬೇಡ ಅಂದಾಗ ನಾವೂ ಒಪ್ಪಬೇಕಾಯಿತು. ಕಾರ್ಡ್ ಕೊಟ್ಟು ಅದಕ್ಕೆ ಬೆಲೆ ಕೊಡದಿದ್ದರೆ ಅದು ಬರೀ ಲ್ಯಾಮಿನೇಟ್ ಮಾಡಿದ ಕಾಗದ.

ಚಿತ್ರಗಳೂ ನಮ್ಮವೇ ಆಗಬೇಕು. ಸಿದ್ಧ ಸೆಟ್‌ನಲ್ಲಿ ಊಟ ಅಂದರೆ ಫೋರ್ಕು, ಚಾಕು. ಟಾಯ್ಲೆಟ್ ಅಂದರೆ ಕಮೋಡು. ಅವ್ವನ ಮನೆಯಲ್ಲಿ ಎರಡೂ ಇಲ್ಲ. ಹಾಗಾಗಿ ಮುದ್ದೆ, ಉಪ್ಸಾರು, ಶೇಂಗಾ, ಕಂಬಳಿ, ಹಿತ್ತಲ ಬಚ್ಚಲು, ಪಕ್ಕದ ಮನೆಯ ಕುರಿಮರಿ, ಎಲ್ಲ ಮೊಬೈಲ್‌ನಲ್ಲಿ ಹೊಡೆದು ಪ್ರಿಂಟ್ ಹಾಕಿದೆ. ಎರಡು ಕಾರ್ಡ್ ಮಾತ್ರ ಎಲ್ಲೇ ಹೋದರೂ ಜೇಬಲ್ಲಿ ಇರುತ್ತೆ: "ಕಿವಿ", "ನೋವು".

ನಮ್ಮೂರು ಆಂಧ್ರದ ಗಡಿ. ಕನ್ನಡ, ತೆಲುಗು ಎರಡೂ ಬೀದಿಯಲ್ಲೇ ಬೆರೆತಿವೆ. ಚಿಕಿತ್ಸೆ ನಡೆಯೋದು ಅರ್ಧ ಇಂಗ್ಲಿಷ್‌ನಲ್ಲಿ. "ಮಗುಗೆ ಗೊಂದಲ ಆಗುತ್ತೆ, ಮನೇಲೂ ಇಂಗ್ಲಿಷ್ ಒಂದೇ ಮಾತಾಡಿ" ಅಂತ ಹೇಳಿದವರಿದ್ದಾರೆ. ಎರಡು ಭಾಷೆ ಕೇಳೋದರಿಂದ ಮಾತು ತಡವಾಗಲ್ಲ. ಅಜ್ಜಿಯ ಭಾಷೆ ಕಿತ್ತುಕೊಂಡರೆ ಮಗುವಿನ ಜೊತೆ ಮಾತಾಡುವವರಲ್ಲಿ ಒಬ್ಬರು ಕಡಿಮೆ ಆಗ್ತಾರೆ, ಅಷ್ಟೇ.

ಅಕ್ಷರಗುಂಡಿನ ಮುಂದೆ

ಶನಿವಾರ ಬೆಳಿಗ್ಗೆ ಹೊರಟೆವು. ಹಿರಿಯೂರು, ಚಳ್ಳಕೆರೆ ದಾಟಿದರೆ ಬಯಲು, ಕರಿಗುಂಡು, ಜಾಲಿ. ಅವ್ವ ಬಾಗಿಲಲ್ಲೇ ನಿಂತಿದ್ದಳು. ಚಿನ್ನು ಪಟ್ಟಿ ತೆಗೆದು ಅವಳ ಕೈಗೆ ಕೊಟ್ಟ. ತನ್ನದೇ ಫೋಟೊ, ಪಕ್ಕದಲ್ಲಿ ಚಾಚಿದ ಕೈಗಳು. ಅವ್ವ ಏನೂ ಅನ್ನಲಿಲ್ಲ. ಎತ್ತಿಕೊಂಡು ಒಳಗೆ ಹೋದಳು.

ಸಂಜೆ ಎಲ್ಲರೂ ಬ್ರಹ್ಮಗಿರಿ ಕಡೆ ನಡೆದೆವು. ಅಶೋಕನ ಶಾಸನದ ಬಂಡೆ ಅಲ್ಲಿದೆ. ನಮ್ಮ ಜನ ಅದನ್ನು ಅಕ್ಷರಗುಂಡು ಅಂತಲೇ ಕರೆಯೋದು. ಹಿಂದೆ ದನಕ್ಕೆ ಕಾಯಿಲೆ ಬಂದರೆ ಆ ಗುಂಡಿನ ಮೇಲೆ ನೀರು ಹಾಕಿ, ಹಿಡಿದು ಕುಡಿಸುತ್ತಿದ್ದರಂತೆ. ಓದಲು ಬರುತ್ತಿರಲಿಲ್ಲ, ಆದರೆ ಅದರಲ್ಲಿ ಏನೋ ಇದೆ ಅಂತ ಗೊತ್ತಿತ್ತು.

ಕ್ರಿಸ್ತಪೂರ್ವ ಮೂರನೇ ಶತಮಾನದ ಬರಹ ಅದು. ಪ್ರಾಕೃತ ಭಾಷೆ, ಬ್ರಾಹ್ಮೀ ಲಿಪಿ. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಕಳಿಸಿದ ಸಂದೇಶ. ತಂದೆತಾಯಿಯ ಮಾತು ಕೇಳಬೇಕು, ಜೀವಿಗಳ ಮೇಲೆ ದಯೆ ಇರಬೇಕು, ಸತ್ಯ ಹೇಳಬೇಕು ಅನ್ನುವ ಮಾತುಗಳೂ ಅದರಲ್ಲಿವೆ. ಕಾಲ ಕಳೆದ ಹಾಗೆ ಆ ಲಿಪಿಯನ್ನು ಓದುವವರು ಇಲ್ಲವಾದರು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯನ್ನು ಬಿಡಿಸಿದ. 1892ರಲ್ಲಿ ಬಿ.ಎಲ್. ರೈಸ್ ನಮ್ಮ ಗುಂಡನ್ನು ಹೊರಜಗತ್ತಿಗೆ ತಿಳಿಸಿದರು. ಅಷ್ಟೂ ಶತಮಾನ ಕಲ್ಲು ಹೇಳುತ್ತಲೇ ಇತ್ತು. ಓದುವವರಿರಲಿಲ್ಲ.

ಇನ್ನೊಂದು ಸಂಗತಿ ನನಗೆ ಯಾವಾಗಲೂ ಕಾಡುತ್ತೆ. ಬರೆದವನ ಹೆಸರು ಚಪಡ. ಶಾಸನವಿಡೀ ಬ್ರಾಹ್ಮಿಯಲ್ಲಿ ಬರೆದು, ಕೊನೆಯಲ್ಲಿ ತಾನು ಲಿಪಿಕಾರ ಅನ್ನುವ ಪದವನ್ನು ಮಾತ್ರ ಖರೋಷ್ಠಿಯಲ್ಲಿ ಬರೆದಿದ್ದಾನೆ. ಅದು ವಾಯವ್ಯದ ಗಾಂಧಾರದ ಕಡೆಯ ಲಿಪಿ, ಬಲದಿಂದ ಎಡಕ್ಕೆ ಓದುವಂಥದ್ದು. ಈ ಬಯಲಿನಲ್ಲಿ ಅದನ್ನು ಓದುವವರು ಯಾರಿದ್ದರೋ! ಆದರೂ ತನಗೆ ಒಗ್ಗಿದ ಗುರುತಿನಲ್ಲಿ ತನ್ನದೊಂದು ಪದ ಬಿಟ್ಟು ಹೋದ.

ಅವ್ವನಿಗೆ ಇದನ್ನೆಲ್ಲ ಹೇಳಿದೆ. ಅವಳು ಹೆಬ್ಬೆಟ್ಟು. ಸ್ವಲ್ಪ ಹೊತ್ತು ಬಂಡೆ ನೋಡಿ ಅಂದಳು: "ನನಗೆ ಈ ಕಲ್ಲೂ ಓದಾಕ್ ಬರಲ್ಲ, ನಿನ್ನ ಪೇಪರ್ರೂ ಓದಾಕ್ ಬರಲ್ಲ. ನನ್ನ ಮೊಮ್ಮಗ ಕೊಡ್ತಾನಲ್ಲ, ಅದು ಮಾತ್ರ ಓದ್ತೀನಿ ಕಣಪ್ಪ."

ಚಿನ್ನು ಮಾತಿಗೆ ತಡವಾದ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಓದೋದಕ್ಕೆ ತಡವಾದವರು ನಾವು.

ನಿಮ್ಮ ಮನೆಯಲ್ಲೂ ಇದ್ದರೆ

ಮಗು ಹನ್ನೆರಡು ತಿಂಗಳಿಗೆ ಹೆಸರು ಕರೆದರೆ ತಿರುಗದಿದ್ದರೆ, ಹದಿನಾರು ತಿಂಗಳಿಗೆ ಒಂದೂ ಪದ ಇಲ್ಲದಿದ್ದರೆ, ಎರಡು ವರ್ಷಕ್ಕೆ "ಅಮ್ಮ ಬಾ" ಅಂತ ಎರಡು ಪದ ಜೋಡಿಸದಿದ್ದರೆ, ಅಥವಾ ಬಂದ ಪದಗಳು ಯಾವ ವಯಸ್ಸಿನಲ್ಲಾದರೂ ಹೊರಟುಹೋದರೆ, ಕಾಯಬೇಡಿ. ಎಲ್ಲವೂ ಆಟಿಸಂ ಅಲ್ಲ, ಗಾಬರಿಯೂ ಬೇಡ. ಆದರೆ ತೋರಿಸಿ. ಮೊದಲು ಕಿವಿ ಪರೀಕ್ಷೆ.

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೇ ಕೆಲಸ ಮಾಡುತ್ತಿದೆ. ಕೇಂದ್ರ ಸರ್ಕಾರದ ಸಂಸ್ಥೆ, ಕನ್ನಡದಲ್ಲೇ ಮಾತಾಡಬಹುದು. ದೂರ ಹೋಗಲಾಗದವರಿಗೆ 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ. ಅದರ ತಂಡ ಅಂಗನವಾಡಿ, ಸರ್ಕಾರಿ ಶಾಲೆಗಳಿಗೆ ಬಂದು ಮಕ್ಕಳನ್ನು ನೋಡಿ, ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸುತ್ತೆ. ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಆಟಿಸಂ ಮತ್ತು ವಾಕ್-ಭಾಷಾ ತೊಂದರೆ ಎರಡೂ ಸೇರಿವೆ.

ಖರ್ಚಿನ ಬಗ್ಗೆ ಹೆದರಬೇಡಿ. ಸ್ಪೇನ್‌ನ ಅರಗಾನ್ ಸರ್ಕಾರದ ಅರಾಸಾಕ್ ಸಂಗ್ರಹದಲ್ಲಿ ಸಾವಿರಾರು ಚಿಹ್ನೆಗಳು ಉಚಿತ, ಮಾರಾಟಕ್ಕೆ ಬಳಸದಿದ್ದರೆ ಆಯಿತು. ಆ್ಯಪ್ ಬೇಕಾದಾಗ, ಚೆನ್ನೈನ ಎಂಜಿನಿಯರ್ ಅಜಿತ್ ನಾರಾಯಣನ್ ಶುರು ಮಾಡಿದ ಆವಾಜ್ ಇದೆ, ಐಐಟಿ ಬಾಂಬೆಯವರ ಜೆಲ್ಲೊ ಇದೆ. ನನ್ನ 120 ಐಕಾನ್ ಕಥೆ ನೆನಪಿರಲಿ. ಶುರುವಿಗೆ ಒಂದು ಫೋಟೊ, ಲ್ಯಾಮಿನೇಶನ್, ಸ್ವಲ್ಪ ವೆಲ್ಕ್ರೊ ಸಾಕು. ಪದ್ಧತಿಯನ್ನು ಮಾತ್ರ ಚಿಕಿತ್ಸಕರಿಂದಲೇ ಕಲಿಯಿರಿ.

ಚಿತ್ರಗಳನ್ನು ನೀವೂ ಬಳಸಿ. "ಊಟ ಮಾಡೋಣ" ಅನ್ನುವಾಗ ಊಟದ ಚಿತ್ರ ಮುಟ್ಟಿ. ಮಗು ಮೊದಲ ಪದ ಹೇಳುವ ಮುಂಚೆ ತಿಂಗಳುಗಟ್ಟಲೆ ನಮ್ಮ ಮಾತು ಕೇಳಿರುತ್ತೆ. ಚಿತ್ರದ ಭಾಷೆಯನ್ನೂ ಹಾಗೇ ನೋಡಿ ಕಲಿಯಬೇಕಲ್ಲವೇ? ಕಾರ್ಡ್‌ಗಳನ್ನು ಕಪಾಟಿನಲ್ಲಿಟ್ಟು "ಪ್ರಾಕ್ಟೀಸ್ ಟೈಮ್"ಗೆ ಮಾತ್ರ ತೆಗೆಯಬೇಡಿ. ಯಾರ ಬಾಯಿಯನ್ನೂ ನಾವು ಕಪಾಟಿನಲ್ಲಿ ಇಡಲ್ಲ. ನಮ್ಮವು ಫ್ರಿಡ್ಜ್ ಮೇಲೆ, ಅವನ ಕೈಗೆಟುಕುವ ಎತ್ತರದಲ್ಲಿ ಇವೆ.

ಮಾತು ಬಂತಾ ಅಂತ ಕೇಳ್ತೀರಿ, ಗೊತ್ತು. ಈಗ ಏಳು ಪದ ಇದೆ. ಅರ್ಧಂಬರ್ಧ. "ಚಿಕ್ಕಿ"ಗೆ "ಕಿಕ್ಕಿ" ಅಂತಾನೆ. ಮುಂದೆ ಎಷ್ಟು ಬರುತ್ತೋ ನಾನೂ ಎಣಿಸೋದು ಬಿಟ್ಟಿದ್ದೀನಿ. ಕಳೆದ ತಿಂಗಳು ಒಂದು ರಾತ್ರಿ ಎದ್ದು ಬಂದು ಎರಡು ಕಾರ್ಡ್ ನನ್ನ ಎದೆ ಮೇಲಿಟ್ಟ: ಕಿವಿ, ನೋವು. ಅರ್ಧ ಗಂಟೆಯಲ್ಲಿ ಔಷಧಿ ಹಾಕಿ ಮಲಗಿಸಿದೆವು. ನನಗೆ ಆ ರಾತ್ರಿಯೇ ಸಾಕು.

ಭಾನುವಾರ ಮಧ್ಯಾಹ್ನ ಊರಿಂದ ಹೊರಡಲು ಬ್ಯಾಗ್ ತುಂಬುತ್ತಿದ್ದೆವು. ಚಿನ್ನು ಪಟ್ಟಿ ತಂದು ಅಜ್ಜಿಗೆ ಕೊಟ್ಟ. ಅವ್ವ ಕನ್ನಡಕ ಏರಿಸಿ, ಬೆರಳಿಟ್ಟು, ಶಾಲೆ ಹುಡುಗಿಯ ಹಾಗೆ ಜೋರಾಗಿ ಓದಿದಳು: "ಕಾರು... ಬೇಡ."

ಸೋಮವಾರ ರಜೆ ಹಾಕಿದೆ. ಆಫೀಸಿನ ರಜೆ ಅರ್ಜಿಯಲ್ಲಿ ಕಾರಣ ಅಂತ ಒಂದು ಜಾಗ ಇರುತ್ತಲ್ಲ, ಅಲ್ಲಿ ಬರೆದೆ: ಮಗ ಬೇಡ ಅಂದ.